ಬೀದಿಯಲ್ಲಿ ಕುಟ್ಟಿದ ಕಂಬು

ಒರಳನ್ನು ನಾನೇ ಬೀದಿಗೆ ಉರುಳಿಸಿದೆ. ಹಿತ್ತಲಿನಿಂದ ಅಂಗಳ ದಾಟಿಸಿ, ಹೊಸ್ತಿಲಿಗೆ ಹಲಗೆ ಆನಿಸಿ, ಭುಜ ಕೊಟ್ಟು ತಳ್ಳಿದೆ. ಕಲ್ಲಿನ ಒರಳು. ಹೊಸ್ತಿಲ ಅಂಚು ಸ್ವಲ್ಪ ಒಡೆಯಿತು. ಅವ್ವ ಹಿಂದಿನಿಂದ ನನ್ನ ಜುಟ್ಟು ಹಿಡಿದು ಎಳೆಯುತ್ತಿದ್ದಳು.

"ಬ್ಯಾಡ ಡಾ! ಗೂಡಲೂರ್ನೋರ ಗಾಡಿ ಬರೋ ಒತ್ತು. ಇವತ್ತೊಂದಿನ ಬುಡು ಡಾ, ನಿನ್ ಕಾಲ್ ಇಡ್ಕೋತೀನಿ!"

"ಒಳಗೆ ಕುಟ್ಟಾಕೆ ಬುಟ್ಯಾ ನೀನು? ಬುಡ್ಲಿಲ್ಲ. ಅದ್ಕೇ ಬೀದಿ."

ಅವತ್ತು ನನ್ನ ತಂಗಿಯನ್ನು ನೋಡಲು ಗೂಡಲೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಒಳಮನೆಯಲ್ಲಿ ಅಪ್ಪ ಚಾಪೆ ಹಿಡಿದು ಮಲಗಿದ್ದ. ಅವನ ಹೊಟ್ಟೆಗೆ ಕಂಬು ಬೇಕಿತ್ತು. ಕಂಬು ಅಂದರೆ ಸಜ್ಜೆ. ಅದನ್ನು ಕುಟ್ಟದೆ ಮುದ್ದೆ ಆಗುವುದಿಲ್ಲ. ನೀರು ಚಿಮುಕಿಸಿ ಕುಟ್ಟಬೇಕು. ನೆಂದ ಕಾಳಿನ ಸದ್ದೇ ಬೇರೆ, ಧುಪ್ ಧುಪ್ ಅನ್ನುತ್ತದೆ. ಭತ್ತದ ಸದ್ದು ಹಗುರ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ಒಲೆ ಇಣುಕಿ ನೋಡಬೇಕಿಲ್ಲ. ಕಿವಿ ಇದ್ದರೆ ಸಾಕು. ಅವ್ವನಿಗೆ ಹೆದರಿಕೆ ಇದ್ದದ್ದು ಆ ಸದ್ದಿಗೆ.

ಯಾಕೆಂದರೆ ನಾವು ಅಕ್ಕಿಯ ಮನೆಯವರಾಗಿದ್ದೆವು. ಮಲೆಯಾಚೆ ಅಣೆ ಕಟ್ಟಿ ನೀರನ್ನು ಸುರಂಗದಲ್ಲಿ ನಮ್ಮ ಕಣಿವೆಗೆ ತಿರುಗಿಸಿದ ಮೇಲೆ ನಮ್ಮ ಕೆಳಗಿನ ಹೊಲ ಗದ್ದೆಯಾಯಿತು. ಅಲ್ಲಿಯವರೆಗೆ ಕಂಬು, ರಾಗಿ, ಸಾಮೆ ತಿಂದು ಬೆಳೆದವರು ಮೂರು ಹೊತ್ತೂ ಅನ್ನಕ್ಕೆ ಕೂತೆವು. ಅದೂ ಎಂಥ ಅಕ್ಕಿ? ಒಂದು ಸಲ ಕುಟ್ಟಿದರೆ ಸಾಲದು, ಮೂರು ಸಲ ಕುಟ್ಟಿ ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗೆ ಮಾಡಬೇಕು. ಅಕ್ಕಿ ಕೆಂಪಗಿದ್ದರೆ ಮಾನ ಕಡಿಮೆ. ಉದುರಿದ ತವುಡೆಲ್ಲ ಎತ್ತುಗಳಿಗೆ. ತವುಡು ತಿಂದ ಎತ್ತು ಮಿರುಗುತ್ತಿತ್ತು. ಅನ್ನ ತಿಂದ ಅಪ್ಪ ಒಣಗುತ್ತಿದ್ದ.

ಮೊದಲು ದಾಹ. ಒಂದು ಕೊಡ ನೀರು ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದ. ಆಮೇಲೆ ಅವನು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಸಾಲುಗಟ್ಟಿ ಬಂದವು. ಆಮೇಲೆ ಬಲಗಾಲ ಹೆಬ್ಬೆರಳಿಗೆ ಮುಳ್ಳು ತಾಗಿ ಹುಣ್ಣಾಯಿತು, ಮಾಯಲಿಲ್ಲ. ಬತ್ತಲಗುಂಡಿಗೆ ಗಾಡಿ ಕಟ್ಟಿ ಕರೆದುಕೊಂಡು ಹೋದೆ. ಅಲ್ಲೊಬ್ಬ ವೈದ್ಯ ಇದ್ದ. ಯಾರೋ ಬಿಳಿ ಡಾಕ್ಟರ ಹತ್ತಿರ ಔಷಧಿ ಅರೆದು ಬಂದವನು. ಸಿಹಿನೀರಿನ ರೋಗ ಅಂದ. ಕಾಳು ಅನ್ನುವುದನ್ನೇ ಬಿಡಬೇಕು, ಅಕ್ಕಿ ಕಂಬು ಯಾವುದೂ ಬಾಯಿಗೆ ಹೋಗಬಾರದು, ಕೋಳಿ ಮೊಟ್ಟೆ ಸೊಪ್ಪು ಮಜ್ಜಿಗೆ ಇಷ್ಟೇ ಅಂದ. ಕೇಳಿದೆವು. ಇದ್ದ ಕೋಳಿಯನ್ನೆಲ್ಲ ಅಪ್ಪನಿಗೇ ಕೊಯ್ದೆವು.

ದಾಹ ತಗ್ಗಿತು, ಸುಳ್ಳು ಹೇಳುವುದಿಲ್ಲ. ಆದರೆ ಮನುಷ್ಯನೂ ತಗ್ಗಿದ. ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ಒಂದು ಬೆಳಗ್ಗೆ ಕಪಿಲೆ ಹೊಡೆಯುತ್ತಿದ್ದ. ಎತ್ತು ಇಳಿಜಾರಿನಲ್ಲಿ ಇಳಿಯುವಾಗ ಹಗ್ಗದ ಮೇಲೆ ಕೂತು ಭಾರ ಕೊಡಬೇಕು, ಆಗ ಚರ್ಮದ ಚೀಲ ಬಾವಿಯಿಂದ ಮೇಲೆ ಬರುತ್ತದೆ. ನಲವತ್ತು ವರ್ಷ ಆ ಹಗ್ಗದ ಮೇಲೆ ಕೂತವನು ಅವತ್ತು ಮೂಟೆಯ ಹಾಗೆ ಕೆಳಗೆ ಬಿದ್ದ. ಎತ್ತಿ ಹೆಗಲ ಮೇಲೆ ಹಾಕಿಕೊಂಡೆ. ನನ್ನ ತಂಗಿಯಷ್ಟೂ ಭಾರ ಇರಲಿಲ್ಲ.

ಅವ್ವ ಮತ್ತೆ ಬಿಳಿ ಅನ್ನ ಬಡಿಸಿದಳು. ಎಂಟೇ ದಿನಕ್ಕೆ ದಾಹ ತಿರುಗಿ ಬಂತು, ಹುಣ್ಣು ಕರ್ರಗಾಯಿತು. ಕಂಬು ತಿನ್ನುತ್ತಿದ್ದಾಗ ಅಪ್ಪನಿಗೆ ಈ ಹಾಳು ಯಾವುದೂ ಇರಲಿಲ್ಲ. ಇದನ್ನು ತಿಳಿಯಲು ಓದು ಬೇಕಿಲ್ಲ. ನನ್ನ ಓದು ಜಗಲಿಯ ಮೇಲೆ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿದ್ದು, ಅಷ್ಟೇ. ಕಣ್ಣು ಇತ್ತು, ಸಾಕಾಯಿತು.

"ಕಂಬು ಆಕವ್ವ" ಅಂದೆ.

"ಅವ್ಳ ಕುತ್ಗೆಗೆ ತಾಳಿ ಬೀಳ್ಲಿ, ಆಮೇಲೆ ಆಕ್ತೀನಿ. ಎದುರುಮನೆ ಅತ್ತೆ ಗೂಡಲೂರ್ನೋರಿಗೆ ಅತ್ತಿರದ ನಂಟು. ಕಂಬಿನ ಸದ್ದು ಕೇಳಿದ್ರೆ ಇವ್ರ ಅಕ್ಕಿ ಮುಗೀತು ಅಂತ ಓಲೆ ಕಳಿಸ್ತಾಳೆ."

ಎಲ್ಲ ಕೂಡಿ ಬಂದರೂ ತಾಳಿ ಬೀಳಲು ಎರಡು ತಿಂಗಳು. ಕಾಲು ಅಷ್ಟು ದಿನ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಮಗಳ ಮದುವೆ.

ಅದಕ್ಕೇ ಬೀದಿ. ಕಂಬು ಸುರಿದೆ, ನೀರು ಚಿಮುಕಿಸಿದೆ, ಒನಕೆ ಎತ್ತಿದೆ. ಎದುರುಮನೆ ಅತ್ತೆ ಜಗಲಿಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನ್ ಡಾ ಅಳಿಯಾ, ಗಂಡ್ಸು ಒನಕೆ ಇಡ್ದವ್ನೆ? ನಾಳೆ ಸೀರೆ ಉಟ್ಕೋತೀಯಾ?"

"ನಿಂದೇ ಒಂದು ಕೊಡತ್ತೆ. ಉಟ್ಕೊಂಡೇ ಕುಟ್ತೀನಿ."

ಬೀದಿ ನಕ್ಕಿತು. ನಗಲಿ. ನನಗೆ ಕುಟ್ಟಲು ಬರುತ್ತಿರಲಿಲ್ಲ, ಕಾಳು ಅರ್ಧ ನೆಲಕ್ಕೆ ಹಾರುತ್ತಿತ್ತು. ಆಗ ತಂಗಿ ಹೊರಗೆ ಬಂದಳು. ತಲೆ ತುಂಬ ಹೂವು, ಅವ್ವನ ರೇಷ್ಮೆ ಸೀರೆ. ಸೆರಗು ಸಿಕ್ಕಿಸಿ ಇನ್ನೊಂದು ಒನಕೆ ತೆಗೆದುಕೊಂಡಳು.

"ಸರಿ ಅತ್ಲಾಗೆ. ನೀನು ಕುಟ್ಟೋದು ಎಮ್ಮೆ ಗೊರಸು ಊರ್ದಂಗಿದೆ. ನಾನು ಎತ್ದಾಗ ನೀನು ಆಕು."

"ಒಳಗೆ ಓಗೇ. ನಿನ್ ಮದ್ವೆ ಕೆಡುತ್ತೆ."

"ಕೆಡ್ಲಿ. ಅಪ್ಪನ ಕಾಲು ಕುಯ್ದಾಕಿ ನಂಗೆ ಸೀರೆ ಉಡಿಸ್ತೀರಾ?"

ಒಬ್ಬರ ಹಿಂದೊಬ್ಬರು ಒನಕೆ ಹಾಕಿ ಕುಟ್ಟಿದೆವು. ತವುಡು ಕೇರಿ ಮತ್ತೆ ಕುಟ್ಟುವಾಗ ಗಾಡಿ ಬಂದು ನಿಂತಿತು. ಮೊದಲು ಇಳಿದದ್ದು ಗಂಡಿನ ಸೋದರಮಾವ, ಆಮೇಲೆ ಗಂಡಿನ ತಾಯಿ. ಮಾವ ಒರಳನ್ನು ನೋಡಿದ, ಹುಡುಗಿಯ ಬೆವರನ್ನು ನೋಡಿದ.

"ಏನಪ್ಪಾ, ನಾವು ನೆಲ್ಲು ಬೆಳ್ಯೋ ಮನೆ ಅಂತ ಬಂದ್ವಿ. ಗಾಡಿ ದಾರಿ ತಪ್ತಾ?"

"ದಾರಿ ಸರಿಗೇ ಅದೆ ಮಾಮಾ. ನಮ್ಮಪ್ಪಂಗೆ ಸಿಹಿನೀರು, ಅವ್ರಿಗೆ ಕಂಬು. ನಿಮಗೆ ಅಕ್ಕಿ ಸೋರು ಬೆಂದದೆ. ಕಾಲು ತೊಳ್ಕೊಂಡು ಬನ್ನಿ."

ರೋಗ ಇದೆ ಎಂದು ಬಾಯಿ ಬಿಟ್ಟು ಹೇಳಿದ್ದು ಕಂಬಿಗಿಂತ ದೊಡ್ಡ ತಪ್ಪು ಎಂದು ಅವ್ವ ಇವತ್ತಿಗೂ ಬಯ್ಯುತ್ತಾಳೆ. ಹೇಳದೆ ಹೆಣ್ಣು ಕೊಡುವುದು ನನ್ನಿಂದಾಗದು.

ಅವರಿಗೆ ಎಲೆ ಹಾಕಿ ಅವ್ವ ಸೋರು ಬಡಿಸಿದಳು, ಬಿಳಿ ಅನ್ನ. ಅಪ್ಪ ಗೋಡೆ ಹಿಡಿದುಕೊಂಡು ಬಂದು ಅದೇ ಸಾಲಿನಲ್ಲಿ ಕೂತ. ನಾನು ಮುದ್ದೆ ಇಟ್ಟೆ, ಮೇಲೆ ಅವರೆಕಾಳಿನ ಸಾರು, ನುಗ್ಗೆಸೊಪ್ಪು. ಗಂಡಿನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು, "ಅಣ್ಣಂಗೆ ಒಂದು ಇಡಿ ಸೋರು ಆಕಬಾರ್ದಾ? ಪಾಪ" ಅಂದಳು.

ಅಪ್ಪ ಮುದ್ದೆ ಮುರಿದ. "ಸೋರು ನಾನು ತಿಂದೆ ಅನ್ಕೊಂಡಿದ್ದೆ ತಂಗಿ. ಅದೇ ನನ್ನ ತಿಂತಿತ್ತು." ನುಂಗಿದ. ಮತ್ತೆ ಮುರಿದ.

ಅವರು ಉಂಡರು, ವೀಳ್ಯ ಹಾಕಿಕೊಂಡರು, ಹೇಳಿ ಕಳಿಸುತ್ತೇವೆ ಅಂದರು. ಹೇಳಿ ಕಳಿಸಲಿಲ್ಲ. ಸಂಬಂಧ ಮುರಿಯಿತು. ಅವ್ವ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ತಂಗಿಗೆ ಇನ್ನೂ ಮದುವೆ ಆಗಿಲ್ಲ, ಅದು ನನ್ನ ತಲೆಯ ಮೇಲೆ ಇದೆ. ಇರಲಿ. ಮತ್ತೊಮ್ಮೆ ಅಂಥ ದಿನ ಬಂದರೂ ಒರಳು ಬೀದಿಗೇ ಹೋಗುತ್ತದೆ.

ಕಂಬು ಮಂತ್ರ ಅಲ್ಲ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಆ ವೈದ್ಯನ ಹಾಗೆಯೇ. ಮೊದಮೊದಲು ಅಪ್ಪ ಔಷಧಿ ಎಂದು ಹೊತ್ತಿಗೆ ಮೂರು ಮುದ್ದೆ ಇಳಿಸಿದ. ದಾಹ ಹಾಗೇ ಉಳಿಯಿತು. ಆಮೇಲೆ ನಾನು ಕಡಿಮೆ ಮಾಡಿದೆ. ಹೊತ್ತಿಗೆ ಒಂದು ಮುದ್ದೆ, ಅವನ ಮುಷ್ಟಿಯಷ್ಟು. ಅವರೆಕಾಳು, ಸೊಪ್ಪು ಅದಕ್ಕಿಂತ ಹೆಚ್ಚು. ಉಂಡ ಮೇಲೆ ಚಾಪೆ ಇಲ್ಲ. ಹುಣ್ಣಿಗೆ ಬಟ್ಟೆ ಸುತ್ತಿಕೊಂಡು, ನನ್ನ ಹೆಗಲು ಹಿಡಿದುಕೊಂಡು ಮೊದಲು ಅಂಗಳ, ಆಮೇಲೆ ಬೀದಿಯ ಕೊನೆ, ಆಮೇಲೆ ಬಾವಿಯವರೆಗೆ ನಡಿಗೆ. ಹುಣ್ಣು ಮಾಯಲು ಮಳೆಗಾಲ ಪೂರ್ತಿ ಹಿಡಿಯಿತು. ಹೆಬ್ಬೆರಳಿನ ತುದಿ ಹೋಯಿತು. ಕಾಲು ಉಳಿಯಿತು.

ಕಾಳು ಬಿಡು ಅನ್ನುವವನು ಬಂದು ನಮ್ಮ ಕಪಿಲೆಯನ್ನು ಒಂದು ಬೆಳಗ್ಗೆ ಹೊಡೆಯಲಿ, ಆಮೇಲೆ ಮಾತಾಡೋಣ. ಬೆಳ್ಳಗಿದ್ದರೇ ಊಟ ಅನ್ನುವವರು ಬಂದು ಅಪ್ಪನ ಹೆಬ್ಬೆರಳು ನೋಡಲಿ.

ಮೊನ್ನೆ ಮಧ್ಯಾಹ್ನ ಅಪ್ಪ ತಟ್ಟೆ ಮುಂದೆ ತಳ್ಳಿದ.

"ಇನ್ನೊಂದು ಆಕು ಡಾ."

"ಇಲ್ಲಪ್ಪ."

"ನಾನು ಬೆಳ್ದ ಕಂಬು, ನಂಗೇ ಲೆಕ್ಕ ಯೋಳ್ತೀಯಾ?"

"ಊಂ. ಏಳು, ನಡಿ."

ಬಯ್ದುಕೊಂಡು ಎದ್ದ. ಬಾವಿ ಕಡೆ ನಡೆದ. ನನ್ನ ಹೆಗಲು ಹಿಡಿಯಲಿಲ್ಲ. ಇಷ್ಟೇ. ಇದರ ಮೇಲೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.