ನಾಂಗ್ ತೋಸಾಂಗ್ ನುಂಗಿದ ಹಳದಿ ಮರಿ

ಊರಿಗೆಲ್ಲ 'ನಾಂಗ್', ಎಂದರೆ ಅಕ್ಕ, ಆಗಿದ್ದ ತೋಸಾಂಗ್‌ಗೆ ಓದು ಬರುತ್ತಿರಲಿಲ್ಲ. ನಡೆದದ್ದಕ್ಕೆ ಅರ್ಧ ಕಾರಣ ಅದು. ಇನ್ನರ್ಧ ನನ್ನ ಪುಕ್ಕಲುತನ.

ನೆಗ್ರೋಸ್ ದ್ವೀಪದ ನಮ್ಮ ಸಕ್ಕರೆ ಕಾರ್ಖಾನೆಯ ಊರಲ್ಲಿ ಆಕೆ ವರ್ಷವಿಡೀ ಕಂಡವರ ಬಟ್ಟೆ ಒಗೆಯುತ್ತಿದ್ದಳು. ಈಸ್ಟರ್ ಹತ್ತಿರ ಬಂತೆಂದರೆ ಬಟ್ಟೆ ಮೂಲೆಗೆ. ಸಿಮೆಂಟ್ ಚೀಲದ ಕಾಗದದಲ್ಲಿ ಮೊಲ, ಮೊಟ್ಟೆ ಟ್ರೇ ಕತ್ತರಿಸಿ ಹೂವು, ಹಾಲಿನ ಡಬ್ಬಿಯ ತಗಡಿನಲ್ಲಿ ಚಿಟ್ಟೆ. ಒಂದು ಮೊಲಕ್ಕೆ ಪಾದ್ರಿಯ ಕನ್ನಡಕವನ್ನೇ ಹೋಲುವ ತಂತಿ ಕನ್ನಡಕ ಹಾಕಿ ಬೈಸಿಕೊಂಡಿದ್ದೂ ಉಂಟು. ಎಲ್ಲವೂ ಚೌಕದ ಬಿದಿರು ಕಮಾನಿಗೆ ಏರುತ್ತಿದ್ದವು. ಈಸ್ಟರ್ ದಿನ ಬೆಳಕು ಹರಿಯುವ ಮೊದಲು ಕರಿ ಮುಸುಕಿನ ಮೇರಿಮಾತೆ ಒಂದು ಬೀದಿಯಿಂದ, ಎದ್ದುಬಂದ ಕ್ರಿಸ್ತ ಇನ್ನೊಂದರಿಂದ ಬಂದು ಕೂಡುವುದು ಅದರಡಿಯಲ್ಲೇ. ದೇವದೂತೆಯ ವೇಷದ ಹುಡುಗಿಯನ್ನು ಮೇಲಿನಿಂದ ಹಗ್ಗದಲ್ಲಿ ಇಳಿಸುತ್ತಾರೆ. ಅವಳು ಮಾತೆಯ ಮುಸುಕು ತೆಗೆಯುತ್ತಾಳೆ. ಸಲೀಸಾಗಿ ಬಂದರೆ ಒಳ್ಳೆಯ ವರ್ಷ. ಸಿಕ್ಕಿಕೊಂಡರೆ ಊರಿಗೆ ಕೇಡು.

ಅದು ಸೈನಿಕ ಆಡಳಿತದ ಕಾಲ. ಯೂನಿಯನ್ನಿನ ಮೂವರನ್ನು ಕ್ಯಾಪ್ಟನ್ ಅರ್ಗಾಲ್ಯೆಸ್ ಎತ್ತಿಕೊಂಡು ಹೋಗಿದ್ದ, ಹೆಣವೂ ಸಿಕ್ಕಿರಲಿಲ್ಲ. 'ಈ ಮೂವರೆಲ್ಲಿ, ಅರ್ಗಾಲ್ಯೆಸ್?' ಎಂದು ಮೂವರ ಹೆಸರೂ ಹಾಕಿ ಯೂನಿಯನ್ನಿನ ಉಳಿದವರು ಕರಪತ್ರ ಮಾಡಿದೆವು. ಮನೆಮನೆ ತಪಾಸಣೆ ಶುರುವಾದಾಗ ನಾನು ಕಟ್ಟನ್ನು ಆಕೆಯ ರದ್ದಿ ಚೀಲಕ್ಕೆ ತುರುಕಿ, ಆಕೆಗೂ ಹೇಳದೆ ಓಡಿದೆ. ಗೊತ್ತಿಲ್ಲದವರಿಗೆ ಹೊಡೆಯುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸುಳ್ಳು. ಹೊಡೆಯುತ್ತಿದ್ದರು.

ಈಸ್ಟರ್ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಹೋದರೆ ಚೀಲ ಖಾಲಿ. ಚಾಪೆಯ ತುಂಬ ಅರಿಸಿನ ಬಳಿದ, ಹೆಬ್ಬೆರಳುದ್ದದ ಕಾಗದದ ಕೋಳಿಮರಿಗಳು. ಪೊರಕೆಕಡ್ಡಿಯ ಕಾಲು.

"ನೋಡೋ ಟೋಟೊ, ಎಂಥಾ ಕಾಗ್ದ! ಮಡಚಿದ್ರೆ ಮಡಚಿದ ಹಾಗೇ ನಿಲ್ಲುತ್ತೆ. ಯಾವ ಪುಣ್ಯಾತ್ಮ ಹಾಕಿ ಹೋದ್ನೋ!"

ಒಂದರ ರೆಕ್ಕೆ ಬಿಡಿಸಿದೆ. ಅರಿಸಿನದಡಿ ಕ್ಯಾಪ್ಟನ್ನನ ಹೆಸರು ಸ್ಪಷ್ಟವಾಗಿತ್ತು.

"ಆ ಪುಣ್ಯಾತ್ಮ ನಾನೇ, ನಾಂಗ್," ಎಂದು ಆ ಹೆಸರನ್ನು ಓದಿ ಹೇಳಿದೆ.

ಕೆನ್ನೆಗೆ ಬಿಗಿದಳು. ಕೈಯಲ್ಲಿದ್ದ ಗಂಜಿಯ ಅಂಟು ನನ್ನ ಗಡ್ಡಕ್ಕೆ ಹತ್ತಿತು. ಆಮೇಲೆ ಇಬ್ಬರೂ ಮರಿಗಳನ್ನು ಒಲೆಗೆ ಹಾಕತೊಡಗಿದೆವು. ಮೂವತ್ತು ಸುಟ್ಟವು. ಮಾಡಿದ್ದು ಮೂವತ್ತೊಂದು.

"ಇನ್ನೊಂದೆಲ್ಲಿ?"

ಆಕೆಯ ಮುಖ ಬಿಳಿಚಿತು. "ಕ್ಯಾಪ್ಟನ್ ಮಗಳು... ಕಿರೀಟಕ್ಕೆ ಬೇಕು ಅಂತ ಹೊಲಿಸ್ಕೊಂಡು ಹೋದ್ಳು."

ಆ ವರ್ಷ ದೇವದೂತೆ ಅವಳೇ, ಆರು ವರ್ಷದ ಚೆರ್ರಿ.

ದೊಡ್ಡ ಮೊಲವೊಂದನ್ನು ಹಿಡಿದು, ಬದಲಿಗೆ ಮರಿ ಕೇಳಲು ಆಕೆ ಹೋದಳು. ನಾನು ಹೋಗಲಿಲ್ಲ. ಮೊಲದ ಸಮೇತ ಹಿಂದಿರುಗಿದಳು.

"ಆ ಪೋರಿ ಮೊಲ ಕಚ್ಚುತ್ತೆ ಅಂತಾಳೆ. ಅವಳಪ್ಪ ಅಲ್ಲೇ ಬಂದೂಕು ಒರೆಸ್ತಾ ಕೂತಿದ್ದ. 'ಏನ್ ಮುದುಕಿ, ಕೊಟ್ಟಿದ್ದು ವಾಪಸ್ ಕೇಳೋಕೆ ನಾಚಿಕೆ ಆಗಲ್ವಾ?' ಅಂತ ನಕ್ಕ. ನಿಂತಲ್ಲೇ ಉಚ್ಚೆ ಹೋಯ್ತು ಕಣೋ."

"ಊರು ಬಿಟ್ಟು ಹೋಗು, ನಾಂಗ್."

"ಕಮಾನಿಂದ ಏನಾದ್ರೂ ಕಳಚಿದ್ರೆ ಅಂಟಿಸೋಳು ನಾನು. ನಾನಿಲ್ದಿದ್ರೆ ಯಾಕಿಲ್ಲ ಅಂತ ಮೊದಲು ಅದನ್ನೇ ಕೇಳ್ತಾರೆ. ನೀನು ಬೇಕಾದ್ರೆ ಹೋಗು, ಅದು ನಿಂಗೆ ಅಭ್ಯಾಸ."

ನಾನು ಹೋಗಲಿಲ್ಲ. ಭಾನುವಾರ ನಸುಕಿಗೆ ಗಂಡಸರ ಸಾಲಿನಲ್ಲಿ ನಿಂತೆ. ಮೇಣದಬತ್ತಿಯ ಬಿಸಿ ಮೇಣ ಮೊಣಕೈವರೆಗೂ ಇಳಿಯುತ್ತಿತ್ತು. ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ. ನಾಂಗ್ ತೋಸಾಂಗ್ ಅಂಟಿನ ಡಬ್ಬಿ ಹಿಡಿದು ಮೇರಿಮಾತೆಯ ಗಾಡಿಯ ಪಕ್ಕದಲ್ಲಿ.

ಚೆರ್ರಿ ಇಳಿದಳು. ಹಾಡಿದಳು. ಬಗ್ಗಿ ಮುಸುಕು ಎಳೆದಳು. ಮುಸುಕಿನ ಜಾಲರಿ ಮರಿಯ ಕಡ್ಡಿಕಾಲಿಗೆ ಸಿಕ್ಕಿಕೊಂಡಿತು.

"ಹೆಸೂಸ್! ಯೇಸುವೇ!" ಎಂದಿತು ಊರು.

ಮಗು ಅಳತೊಡಗಿತು. ಬಿಡಿಸಲೆಂದು ಕ್ಯಾಪ್ಟನ್ ಕಿರೀಟಕ್ಕೆ ಕೈ ಹಾಕಿದ. ಇಬ್ಬನಿಗೆ ನೆನೆದ ರೆಕ್ಕೆ ಅವನ ಬೆರಳ ನಡುವೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು.

ನಾಂಗ್ ತೋಸಾಂಗ್ ನುಗ್ಗಿ ಮರಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಡ್ಡಿಕಾಲುಗಳನ್ನು ಉಗುಳಿದಳು. ಮುಸುಕು ಜಾರಿ ಬಂತು. ಯಾರೂ ಅದನ್ನು ನೋಡಲಿಲ್ಲ.

"ಏನೇ ಮಾಡ್ದೆ?" ಎಂದ ಕ್ಯಾಪ್ಟನ್. ಅವನ ಕೈ ಸೊಂಟದ ಪಿಸ್ತೂಲಿನ ಮೇಲಿತ್ತು.

ಆಕೆಯ ತುಟಿಯೆಲ್ಲ ಹಳದಿ. "ಕೇಡು, ಕ್ಯಾಪ್ಟನ್. ಮುಸುಕು ಹಿಡಿದದ್ದನ್ನ ಮಾಡಿದೋಳೇ ನುಂಗ್ಬೇಕು. ಇಲ್ದಿದ್ರೆ ಅದು ಹೊತ್ಕೊಂಡೋರ ಮನೆಗೆ ಹೋಗುತ್ತೆ."

ಅಂಥ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ. ಹಿಂದಿನಿಂದ ಯಾವಳೋ ಮುದುಕಿ, "ಹೌದೌದು, ನಮ್ಮಜ್ಜಿನೂ ಹಂಗೇ ಅಂತಿದ್ಲು," ಎಂದಳು.

ಕ್ಯಾಪ್ಟನ್ ಮಗಳ ಕಡೆ ನೋಡಿದ. ಎದೆಯ ಮೇಲೆ ಶಿಲುಬೆ ಎಳೆದುಕೊಂಡ. "ಪೂರ್ತಿ ನುಂಗು," ಎಂದ. "ಚೂರೂ ಉಳಿಸ್ಬೇಡ."

ಪೂರ್ತಿ ನುಂಗಿದಳು.

ಆಮೇಲೆ ಚರ್ಚಿನ ಹಿಂದೆ ಆಕೆ ಗೋಡೆ ಹಿಡಿದು, ಗಂಟಲಿಗೆ ಬೆರಳು ಹಾಕಲು ಹೊರಟಿದ್ದಳು. ನನ್ನನ್ನು ಕಂಡು ನಿಂತಳು.

"ಆ ಮೂವರ ಹೆಸರೂ ಇತ್ತಾ ಅದ್ರಲ್ಲಿ?"

"ಇತ್ತು."

ಕೈ ಇಳಿಸಿ, ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. "ಮುಂದಿನ್ಸಲ ತೆಳು ಕಾಗ್ದ ತಗೊಳ್ರೋ," ಎಂದಳು.