ತಿದ್ದುಪಡಿ ಮಾವ
ಸುತ್ತಲ ಹಳ್ಳಿಗಳಲ್ಲಿ ಸ್ಥಳೀಯ ಇತಿಹಾಸದ ವಿಚಾರ ಸಂಕಿರಣ ಎಲ್ಲೇ ನಡೆಯಲಿ, ಮೂರನೇ ಸಾಲಿನ ಬದಿಯ ಕುರ್ಚಿ ತಿದ್ದುಪಡಿ ಮಾವನದು. ಮೂವತ್ತಾರು ವರ್ಷ ಸರ್ಕಾರಕ್ಕಾಗಿ ನೆಲ ಅಳೆದು ನಿವೃತ್ತರಾದವರು, ಭಾಷಣ ಮುಗಿಯುವ ಮೊದಲೇ ಎದ್ದು ನಿಂತಿರುತ್ತಾರೆ. “ಹಳೇ ಸೇತುವೆ ಊರಿಂದ ಸುಮಾರು ಒಂದು ಮೈಲಿ ಅಂದ್ರಿ. ಸುಮಾರು ಅನ್ನೋದು ಅಳತೆಯಲ್ಲ ಸ್ವಾಮಿ, ಸೋಮಾರಿತನ!” ಸಭಿಕರು ನಗುತ್ತಾರೆ, ಪ್ರಾಧ್ಯಾಪಕರು ನೀರು ಕುಡಿಯುತ್ತಾರೆ. ಇವರ ಭಯಕ್ಕೆ ಭಾಷಣಕಾರರು ಹಿಂದಿನ ದಿನವೇ ಬಂದು ದಾರಿಯನ್ನು ಹೆಜ್ಜೆ ಹಾಕಿ ಎಣಿಸಿಕೊಳ್ಳುತ್ತಾರಂತೆ. ಹೆಂಡತಿ “ಅರ್ಧ ಗಂಟೇಲಿ ಬಂದೆ” ಎಂದರೂ “ಎಷ್ಟು ನಿಮಿಷ ಹೆಚ್ಚುಕಡಿಮೆ?” ಎನ್ನುವ ಆಸಾಮಿ. ಮೊನ್ನೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಎರಡು ಹಳ್ಳಿಗಳ ನಡುವಿನ ಹಳೆಯ ಗಡಿಕಲ್ಲಿನ ಮೇಲೆ ಪ್ರಬಂಧ ಓದುತ್ತ, ಮಾವ ಪ್ರಾಯದಲ್ಲಿ ಬರೆದ ನಕ್ಷೆಯನ್ನೇ ಪರದೆಯ ಮೇಲೆ ತೋರಿಸಿದಳು: “ಇದನ್ನ ನಂಬಿಯೇ ನನ್ನ ವಾದ ಕಟ್ಟಿದ್ದೀನಿ.” ನಕ್ಷೆಯಲ್ಲಿ ಕಲ್ಲು ಹೊಳೆಯ ಈಚೆ ದಡದಲ್ಲಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಮಾವ ಎದ್ದರು. “ಕಲ್ಲಿರೋದು ಆಚೆ ದಡದಲ್ಲಿ. ಅವತ್ತು ಹೊಳೆ ತುಂಬಿತ್ತು, ನಾನು ದಾಟಲಿಲ್ಲ. ಯಾರೋ ಹೇಳಿದ್ದನ್ನೇ ಬರೆದುಬಿಟ್ಟೆ. ಆಮೇಲೊಮ್ಮೆ ಕಣ್ಣಾರೆ ಕಂಡೆ, ಆದ್ರೂ ಬಾಯಿ ಬಿಡಲಿಲ್ಲ. ತಪ್ಪು ನನ್ನದು.” ಹುಡುಗಿ ಕೇಳಿದಳು: “ಹಾಗಾದ್ರೆ ನನ್ನ ಪ್ರಬಂಧ ಬಿದ್ದುಹೋಯ್ತಾ ಸಾರ್?” “ಬಿದ್ದಿದ್ದು ನನ್ನ ನಕ್ಷೆ ಕಣಮ್ಮಾ. ನಾಳೆ ಬೆಳಗ್ಗೆ ಏಳಕ್ಕೆ ಆಚೆ ದಡದಿಂದ ಶುರು ಮಾಡೋಣ. ಅಳತೆಪಟ್ಟಿ ಹಿಡಿದು ನೀನು ಹೇಳು, ನಾನು ಬರ್ಕೋತೀನಿ.”