ನನ್ನ ಗಂಡನ ಅಂಗಾಲು

ಶ್ರಾವಣದ ಒಂದು ಸೋಮವಾರ ಕಪ್ಪತ್ತಗುಡ್ಡವನ್ನು ಬರಿಗಾಲಲ್ಲಿ ಏರುವುದು ನನ್ನ ಗಂಡನ ಮನೆಯವರ ಪದ್ಧತಿ. ಮದುವೆಯಾಗಿ ಬಂದ ವರ್ಷದಿಂದ ನಾನೂ ಏರುತ್ತಿದ್ದೇನೆ, ಪ್ರತಿ ಸಲವೂ ಎಲ್ಲರಿಗಿಂತ ಹಿಂದೆ. ಅದೇನು ದೊಡ್ಡ ಏರಲ್ಲ. ಕಾರು ನಿಲ್ಲಿಸಿದ ಕಡೆಯಿಂದ ಮೇಲಿನ ಮಲ್ಲಯ್ಯನ ಗುಡಿಗೆ ಅರ್ಧ ತಾಸಿನ ಕಾಲುದಾರಿ. ನಾಲ್ಕೂವರೆಗೆ ಏರತೊಡಗಿದರೆ ದೀಪ ಹಚ್ಚಿ, ಬೆಳಕಿರುವಾಗಲೇ ಇಳಿದು, ಊಟದ ಹೊತ್ತಿಗೆ ಬೆಟಗೇರಿಯ ಮನೆ ಸೇರಬಹುದು. ಆದರೆ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಪ್ಪು ಬೂಟು, ಬಿಳಿ ಕಾಲುಚೀಲ ತೊಟ್ಟು ಬೆಳೆದವಳು ನಾನು. ಆ ದಾರಿಯ ಒಂದೊಂದು ಹರಳೂ ನನ್ನ ಕಾಲನ್ನು ಬೇರೆ ಬೇರೆಯಾಗಿ ವಿಚಾರಿಸಿಕೊಳ್ಳುತ್ತದೆ.

ಈ ವರ್ಷ ನಾವು ಮೂವರೇ ಹೋಗಿದ್ದೆವು. ನಾನು, ನನ್ನವರು, ಅವರ ಅಕ್ಕ. ಅಕ್ಕನವರು ನಮ್ಮ ಹಿಂದಿನ ಓಣಿಯಲ್ಲೇ ಇರುತ್ತಾರೆ. ಅರವತ್ತು ದಾಟಿದೆ. ಎಲ್ಲರ ಚಪ್ಪಲಿಗಳನ್ನು ಕಾರಿನ ಪಕ್ಕ ಬೇವಿನ ಗಿಡದ ಬುಡದಲ್ಲಿ ಬಿಡಿಸಿ, ಮುಂದೆ ನಡೆಯುತ್ತ ನನ್ನತ್ತ ತಿರುಗಿ ನೋಡಿ ನಕ್ಕರು.

"ಬೂಟು ಹಾಕ್ಕೊಂಡು ಇಂಗ್ಲಿಷ್ ಕಲ್ತ ಕಾಲು ಅವು. ನಮ್ಮ ಕಲ್ಲಿನ ಮಾತು ತಿಳಿಯಂಗಿಲ್ಲ."

"ತಿಳೀತೈತ್ರಿ ಅಕ್ಕಾರ, ಅದಕ್ಕ ಸಾವಕಾಶ ಬರಾಕತ್ತೀನಿ," ಅಂದೆ.

"ಅವನ್ನ ನೋಡು. ಹಾಸಿಗಿ ಮ್ಯಾಲೆ ನಡದಂಗ ನಡ್ಯಾಕತ್ತಾನ. ಮಗ್ಗದ ಕುಣ್ಯಾಗ ಬರಿಗಾಲು ಇಳಿಬಿಟ್ಟು ಬೆಳದಾವ ಅಂವ."

ನಿಜವಾಗಿಯೂ ನನ್ನವರು ಹಾಗೇ ನಡೆಯುತ್ತಿದ್ದರು. ಮೊದಲೆಲ್ಲ ಅವರೂ ಅಲ್ಲಲ್ಲಿ ಒಂಟಿಗಾಲಲ್ಲಿ ನಿಂತು ಮುಳ್ಳು ತೆಗೆದುಕೊಳ್ಳುತ್ತಿದ್ದರು. ಈ ಸಲ ಕೈ ಹಿಂದೆ ಕಟ್ಟಿಕೊಂಡು, ಸಂತೆಗೆ ಹೊರಟವರಂತೆ ಸಲೀಸಾಗಿ ಹೋಗುತ್ತಿದ್ದರು. "ಈ ವರ್ಷ ಏನೂ ಚುಚ್ಚವಲ್ತು," ಎಂದು ಮೇಲಿನಿಂದ ಹೇಳಿದರು.

"ಭಕ್ತಿ ಗಟ್ಟಿ ಆದಂಗ ಕಲ್ಲು ಮೆತ್ತಗಾಗತಾವು," ಅಂದರು ಅಕ್ಕನವರು.

ನಾನೂ ಹಾಗೆಯೇ ನಂಬಿದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಳೆ ಬಿದ್ದು ಎರಡು ದಿನವಾಗಿತ್ತು. ಸೀತಾಫಲದ ಗಿಡಗಳಲ್ಲಿ ಹೆಬ್ಬೆರಳಿನಷ್ಟು ಕಾಯಿ. ಎಲ್ಲಿಯೋ ತುಳಿತಕ್ಕೆ ಸಿಕ್ಕ ಬಾದೆಹುಲ್ಲಿನ ನಿಂಬೆಯಂಥ ವಾಸನೆ. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರಗಳ ಪೈಕಿ ಒಂದು ಮಾತ್ರ ತಿರುಗದೆ ನಿಂತಿತ್ತು. ನನಗೆ ಇಂಥವು ಕಣ್ಣಿಗೆ ಬೇಗ ಬೀಳುತ್ತವೆ. ಅಂಗಿಯ ಯಾವ ಗುಂಡಿ ಸಡಿಲಾಗಿದೆ, ಯಾರ ಮುಖ ಬೆಳಗಿನಿಂದ ಇಳಿದಿದೆ ಎಂಬುದನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಾಣುವವಳು ನಾನು.

ಒಂದು ಚಪ್ಪಟೆ ಕಲ್ಲಿನ ಮೇಲೆ ಕುಂಕುಮ ಕಂಡಿತು. ಆ ದಾರಿಯಲ್ಲಿ ಹೋಗುವವರು ಅಲ್ಲಲ್ಲಿ ಕಲ್ಲಿಗೆ ಕುಂಕುಮ ಹಚ್ಚುತ್ತಾರೆ. ತುಳಿಯಬಾರದೆಂದು ಪಕ್ಕಕ್ಕೆ ಕಾಲಿಟ್ಟೆ. ನಾಲ್ಕು ಹೆಜ್ಜೆ ದಾಟಿ ಇನ್ನೊಂದು ಕಲ್ಲಿನ ಮೇಲೂ ಇತ್ತು. ಅದನ್ನೂ ಬಿಟ್ಟು ನಡೆದೆ, ಬೆರಳು ನೆಲಕ್ಕೆ ತಾಗಿಸಿ ಕಣ್ಣಿಗೆ ಒತ್ತಿಕೊಂಡೆ ಕೂಡ. ಮೂರನೆಯದು ಹಸಿಯಾಗಿತ್ತು. ಬಾಗಿ ನೋಡಿದೆ. ಅದಕ್ಕೆ ಹಿಮ್ಮಡಿಯ ಆಕಾರವಿತ್ತು.

ಮೇಲೆ ನೋಡಿದೆ. ನನ್ನವರು ಎಡಗಾಲು ಎತ್ತಿದರು. ಅಂಗಾಲು ಕೆಂಪಗೆ ಹೊಳೆಯಿತು. ಕೆಳಗಿಟ್ಟರು, ಮತ್ತೊಂದು ಗುರುತು ಬಿತ್ತು.

"ನಿಲ್ರಿ," ಅಂದೆ. ಹರಳು ನೋಡದೆ ಅವರತ್ತ ಓಡಿದೆ. "ನಿಲ್ರಿ, ಕಾಲು ಇಡಬ್ಯಾಡ್ರಿ."

"ಏನಾತು? ಮತ್ತ ಹರಳೇನು?"

ಬಂಡೆಯ ಮೇಲೆ ಕೂರಿಸಿ ಕಾಲನ್ನು ನನ್ನ ಮಡಿಲಿಗೆ ತೆಗೆದುಕೊಂಡೆ. ಹಿಮ್ಮಡಿಯ ಅಂಚಿನಲ್ಲಿ ಕಂದು ಬಾಟಲಿಯ ಚೂರು ಸಿಕ್ಕಿಕೊಂಡಿತ್ತು. ಯಾರೋ ಕುಡಿದು ಒಡೆದು ಹೋದದ್ದು. ಕುಡಿಯಲು ತಂದ ನೀರು ಸುರಿದಾಗ ಚೂರು ತಾನಾಗಿಯೇ ಜಾರಿ ಬಿತ್ತು. ಬಾಯಿ ತೆರೆದ ಗಾಯ. ನನ್ನವರು ಕಾಲು ತಿರುಗಿಸಿಕೊಂಡು, ಬೇರೆ ಯಾರದೋ ಕಾಲು ನೋಡುವವರ ಹಾಗೆ ನೋಡಿದರು.

"ಇದು ಯಾವಾಗ ಹೊಕ್ತು?" ಅಂದರು.

ಅಕ್ಕನವರು ಪೂಜೆಯ ಚೀಲಕ್ಕೆ ಕೈ ಹಾಕಿದರು. "ಅರಿಷಿಣ ಐತಿ, ತುಂಬ್ತೀನಿ ತಡಿ."

"ಬ್ಯಾಡ್ರಿ ಅಕ್ಕಾರ," ಅಂದೆ. ಅವರಿಗೆ ಬೇಡ ಅಂದದ್ದು ಅದೇ ಮೊದಲು. ಶಾಲೆಯಲ್ಲಿ ಸಿಸ್ಟರ್ ಒಬ್ಬರು ಕಲಿಸಿದ್ದು ಕೈಗೆ ನೆನಪಿತ್ತು: ಮಡಿಸಿದ ಕರವಸ್ತ್ರ ಒತ್ತಿ ಹಿಡಿ, ಕಾಲು ಎತ್ತರದಲ್ಲಿಡು. ಹಿಡಿದೆ. ಅಷ್ಟು ಗಟ್ಟಿಯಾಗಿ ಒತ್ತಿದರೂ ಅವರ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಕಣ್ಣು ಮುಚ್ರಿ," ಅಂದೆ. "ನಾ ಎಲ್ಲಿ ಮುಟ್ಟೀನಿ ಹೇಳ್ರಿ."

ನಗುತ್ತಲೇ ಮುಚ್ಚಿದರು. ಕಾಲಿನ ಹೆಬ್ಬೆರಳ ಮೇಲೆ ಬೆರಳಿಟ್ಟೆ.

"ಮುಚ್ಚೀನಿ. ಮುಟ್ಟು," ಅಂದರು.

ಉಗುರು ಒತ್ತಿದೆ.

"ಮುಟ್ತೀಯೋ ಇಲ್ಲೋ? ಹೊತ್ತಾಗಾಕತ್ತೈತಿ."

ನನ್ನ ಉಗುರಿನ ಅರ್ಧಚಂದ್ರ ಅವರ ಬೆರಳಲ್ಲಿ ಮೂಡಿತ್ತು. ಅಕ್ಕನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಕಣ್ಣು ತೆಗೀರಿ."

ತೆಗೆದರು. ನನ್ನ ಕೈ ಇನ್ನೂ ಅಲ್ಲೇ ಇತ್ತು. ಅದನ್ನು ನೋಡಿದ ಮೇಲೂ ಅವರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು, ಹೋಗು ಎಂದು ಯಾರೂ ಹೇಳದ ಅತಿಥಿಯ ಹಾಗೆ.

"ಬ್ಯಾಸಗಿಯಿಂದ ಜೋಮು ಹಿಡದಂಗ ಇರತೈತಿ," ಎಂದರು ಕೊನೆಗೆ. "ವಯಸ್ಸಾತು, ಚರ್ಮ ದಪ್ಪ ಆಗೇತಿ ಅನ್ಕೊಂಡ್ನಿ."

ಅವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಚಹಾಕ್ಕೆ ಸಕ್ಕರೆ ಹಾಕದವಳು ನಾನು, ಮಾತ್ರೆ ಕೈಗೆ ಕೊಡುವವಳು ನಾನು. ಬೇಸಿಗೆಯಿಂದ ಅವರ ಚಪ್ಪಲಿ ಪಡಸಾಲೆಯಲ್ಲಿ ಕಳಚಿ ಬೀಳುತ್ತಿತ್ತು. ಅವರು ಒಂದೇ ಚಪ್ಪಲಿಯಲ್ಲಿ ಅಂಗಳದವರೆಗೆ ಹೋಗಿಬಿಡುತ್ತಿದ್ದರು. ನಾನು ಅದನ್ನು ಎತ್ತಿಟ್ಟು ನಕ್ಕಿದ್ದೆ. ಬಂದವರ ಮುಂದೆ ಹೇಳಿ ಅವರನ್ನೂ ನಗಿಸಿದ್ದೆ. ಎಲ್ಲವನ್ನೂ ಕಾಣುವವಳು ಇದನ್ನೂ ಕಂಡಿದ್ದೆ. ಏನು ಕಂಡೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಗುಡಿಯ ಗಂಟೆ ಯಾರೋ ಬಾರಿಸಿದರು. ನನ್ನವರು ಏಳಲು ನೋಡಿದರು. "ಇನ್ನ ಐವತ್ತು ಹೆಜ್ಜಿ. ದೀಪ ಹಚ್ಚೇ ಹೋಗೂಣು."

"ಕಾಲು ಹೋಗತೈತ್ರಿ," ಅಂದೆ. ಸಿಟ್ಟಿನಿಂದಲ್ಲ. ಓಣಿಯಲ್ಲಿ ಒಬ್ಬರಿಗೆ ಹೀಗೆಯೇ ಒಂದು ಸಣ್ಣ ಗಾಯದಿಂದ ಮೊಣಕಾಲಿನವರೆಗೆ ತೆಗೆಯಬೇಕಾಗಿ ಬಂದದ್ದು ನಮ್ಮೆಲ್ಲರಿಗೂ ಗೊತ್ತಿತ್ತು.

ಅವರು ಅಕ್ಕನ ಕಡೆ ನೋಡಿದರು. ಅಕ್ಕನವರು ಎಣ್ಣೆ, ಬತ್ತಿಯ ಚೀಲವನ್ನು ಬಂಡೆಯ ಮೇಲಿಟ್ಟು, "ಕುಂಡ್ರು. ಅಲ್ಲಾಡಬ್ಯಾಡ," ಎಂದಷ್ಟೇ ಹೇಳಿ ದಾರಿ ಇಳಿಯತೊಡಗಿದರು. ಸಿಟ್ಟಾಗಿ ಹೊರಟರೆಂದು ನಾವಿಬ್ಬರೂ ತಿಳಿದೆವು. ಕರೆದರೂ ತಿರುಗಲಿಲ್ಲ.

ಒಂದು ತಾಸಿನ ಮೇಲೆ ಏದುಸಿರು ಬಿಡುತ್ತ ಮತ್ತೆ ಏರಿ ಬಂದರು. ಸೆರಗಿನಲ್ಲಿ ಏನೋ ಅಪ್ಪಿಕೊಂಡಿದ್ದರು. ನನ್ನ ಗಂಡನ ಚಪ್ಪಲಿ. ಶ್ರಾವಣದಲ್ಲಿ ಸ್ನಾನವಾದ ಮೇಲೆ ಚಪ್ಪಲಿ ತಾಗಿದರೆ ಮತ್ತೆ ಕಾಲು ತೊಳೆಯುವ ಹೆಂಗಸು, ಮಲ್ಲಯ್ಯನ ಗುಡ್ಡದ ಮೇಲೆ, ತಮ್ಮನ ಚಪ್ಪಲಿಯನ್ನು ಎದೆಗೆ ಹಿಡಿದು ನಿಂತಿದ್ದರು.

"ಅಕ್ಕಾ, ನೀ ಇವನ್ನ ಎತ್ಗೊಂಡು..."

"ಬಾಯಿ ಮುಚ್ಚು. ಕಾಲು ಹಿಡಿ."

"ದೀಪ?"

"ಮಲ್ಲಯ್ಯನ ಕೂಡ ನಾ ಮಾತಾಡ್ಕೋತೀನಿ. ನಿನ್ನ ವಕೀಲಿಕಿ ಬ್ಯಾಡ."

ಕುಕ್ಕರುಗಾಲಲ್ಲಿ ಕೂತು ತಾವೇ ತೊಡಿಸಿದರು. ನಾವಿಬ್ಬರೂ ಎರಡೂ ಕಡೆ ತೋಳು ಕೊಟ್ಟು, ಹಿಮ್ಮಡಿ ಊರದಂತೆ ಇಳಿಸಿದೆವು. ಪ್ರತಿ ಹೆಜ್ಜೆಗೂ ಅವರು ತಲೆ ಬಗ್ಗಿಸಿ ಕಾಲನ್ನು ನೋಡುತ್ತಿದ್ದರು. ನೋಡದಿದ್ದರೆ ಅದು ನೆಲ ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲವಂತೆ. ಕಾರನ್ನು ನಾನು ಓಡಿಸಿದೆ. ನೇರವಾಗಿ ಗದಗಿನ ದವಾಖಾನೆಗೆ ಹೋದೆವು.

ಡಾಕ್ಟರು ಗಾಯದೊಳಗಿಂದ ಕಡಲೆಬೇಳೆಯಷ್ಟು ಇನ್ನೊಂದು ಚೂರು ತೆಗೆದರು. "ಎಲುಬಿಗೆ ತಾಗಿಲ್ಲ. ಇವತ್ತ ತಂದಿದ್ದು ಛಲೋ ಆತು. ಕೀವು ಆಗಿ ವಾಸನಿ ಬಂದ ಮ್ಯಾಲೆ ಬರ್ತಾರ ಎಲ್ಲಾರೂ," ಎಂದರು. ಕಾಲು ಉಳಿಯುತ್ತದೆ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಒಳಗೆ ಪಟ್ಟಿ ಕಟ್ಟುವಾಗ ನಾನು, ಅಕ್ಕನವರು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅವರೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರೇ. ಧೂಳು ಹಿಡಿದ ಎರಡೂ ಕಾಲನ್ನು ಬೆಂಚಿನ ಮೇಲೆ ನನ್ನತ್ತ ಚಾಚಿದರು.

"ನಂದೂ ನೋಡಿಬಿಡು ತಂಗಿ," ಎಂದು ಕಣ್ಣು ಮುಚ್ಚಿದರು.

ಬಲಗಾಲಿನ ಕಿರುಬೆರಳು ಮುಟ್ಟಿದೆ.

"ಕಿರಿಬೆರಳು," ಅಂದರು ತಕ್ಷಣ. ಎಡಗಾಲಿಗೆ ಬರುವ ಮೊದಲು ನನ್ನ ಕೈ ಬೆವತಿದೆ ಎನಿಸಿ ಸೀರೆಗೆ ಒರೆಸಿಕೊಳ್ಳುತ್ತಿದ್ದೆ.

"ಈಗ ಹೆಬ್ಬಟ್ಟು ಮುಟ್ಟಿದಿ," ಅಂದರು ಅಕ್ಕನವರು.

ನನ್ನ ಎರಡೂ ಕೈ ನನ್ನ ಮಡಿಲಲ್ಲಿದ್ದವು. ಅವರು ಕಣ್ಣು ತೆರೆಯುವ ಮೊದಲು ಎದ್ದು ಹೋಗಿ ಡಾಕ್ಟರ ಬಾಗಿಲನ್ನು ಮತ್ತೆ ತಟ್ಟಿದೆ.